ಪರಿಮಳನ ಕೈಗುಣ

ಲಿಂಗಸುಗೂರಿನ ಬಸ್ಸು ಇನ್ನೂ ಸಿಂಧನೂರಿನ ರೈಸ್‌ಮಿಲ್ಲುಗಳ ಸಾಲು ದಾಟಿರಲಿಲ್ಲ, ಗದ್ದೆಪ್ಪ ಆಗಲೇ ಆ ಮಾತನ್ನು ಮನಸ್ಸಿನೊಳಗೆ ಹತ್ತಾರು ಸಲ ಆಡಿ ನೋಡಿದ್ದ. ಅವತ್ತು ಕಂಪ್ಯೂಟರಿನ ಮುಂದ ಕುಂತಾಂವ ನಾನ್ರಿ, ಪರಿಮಳ ಅಲ್ರಿ. ಹೇಳಬೇಕಾದದ್ದು ಇಷ್ಟೇ. ಬಾಯಿಬಿಟ್ಟರೆ ಒಂದು ಉಸಿರಿಗೆ ಮುಗಿಯುವ ಮಾತು. ಆದರೆ ‘ನಾನ್ರಿ’ ಎನ್ನುವಲ್ಲಿಗೆ ಬಂದಾಗಲೆಲ್ಲ ಅವನು ಕೆಮ್ಮುತ್ತಿದ್ದ. ಪಕ್ಕದ ಸೀಟಿನ ಹೆಂಗಸು ಇವನಿಗೆ ಏನೋ ರೋಗವೆಂದುಕೊಂಡು ಸೆರಗು ಮೂಗಿಗೆ ಹಿಡಿದು ಆಚೆ ಸರಿದು ಕೂತಿದ್ದಳು. ಹೊರಗೆ ರಸ್ತೆಯ ಅರ್ಧಕ್ಕೆ ಎರಡನೇ ಬೆಳೆಯ ಭತ್ತ ಒಣಹಾಕಿದ್ದರು, ಡ್ರೈವರ್ ಬೈಯುತ್ತ ಅದರ ಮೇಲೆಯೇ ಗಾಲಿ ಹಾಯಿಸುತ್ತಿದ್ದ. ಬೆಳಿಗ್ಗೆ ಗದ್ದೆಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹುಡುಕುವಾಗ ಹೆಂಡತಿ ಯಮನಮ್ಮ, ಸಾಕ್ಷಿ ಹೇಳಾಕ ಹೊಂಟೀರೋ ಬೀಗರ ಮನಿಗೆ ಹೊಂಟೀರೋ ಎಂದು ಚುಚ್ಚಿದ್ದಳು. ಅವಳಿಗೆ ಗೊತ್ತಿದ್ದದ್ದು ಗಂಡ ಸಾಕ್ಷಿ, ಕಳ್ಳ ಪರಿಮಳ ಎಂಬುದಷ್ಟೇ. ಊರಿಗೆ ಗೊತ್ತಿದ್ದದ್ದೂ ಅಷ್ಟೇ. ತಪ್ಪು ಒಪ್ಪಿಕೊಳ್ಳಲು ಹೋಗುವವನಿಗೆ ಇಸ್ತ್ರಿ ಅಂಗಿ ಯಾಕೆ ಬೇಕಾಗಿತ್ತೋ ಅವನಿಗೂ ತಿಳಿಯದು. ಕಳ್ಳನೆಂದು ಹೇಳಿಕೊಳ್ಳುವುದಾದರೂ ಮರ್ಯಾದಸ್ಥನ ಹಾಗೆ ಕೂತು ಹೇಳೋಣವೆಂಬ ಹಟ ಇದ್ದಿರಬೇಕು.

ಸಿಂಧನೂರಿನ ಬಸ್‌ಸ್ಟ್ಯಾಂಡಿನ ಎದುರಿನ ಮಾಳಿಗೆಯ ಮೇಲೆ ಅವನದೊಂದು ಟೈಪಿಂಗ್ ಶಾಲೆ ಇತ್ತು. ಹಳೆಯ ಟೈಪ್‌ರೈಟರುಗಳ ನಡುವೆ ಹಿಂದಿನ ವರ್ಷ, ತೊಂಬತ್ತೇಳರಲ್ಲಿ, ಒಂದು ಕಂಪ್ಯೂಟರು ಬಂದು ಕೂತಿತು. ಅದನ್ನು ರಾಯಚೂರಿನಿಂದ ತಂದು, ಜೋಡಿಸಿ, ಫೋನಿನ ತಂತಿಗೆ ಹೊಂದಿಸಿಕೊಟ್ಟವನು ಪರಿಮಳ. ಗಡಿಯಾಚೆಯಿಂದ ಬಂದ ಬಂಗಾಲಿ ನಿರಾಶ್ರಿತರಿಗೆ ಸರಕಾರ ಮನೆ ಹಂಚಿದ ಆರ್.ಎಚ್. ಕ್ಯಾಂಪಿನವನು, ಅವನ ಹೆಸರು ಪರಿಮಲ್ ಹಲ್ದಾರ್. ಊರಿನವರ ನಾಲಿಗೆ ಅದನ್ನು ಪರಿಮಳ ಮಾಡಿಕೊಂಡಿತ್ತು. ಹೆಣ್ಣುಮಗಳ ಹೆಸರಿಟ್ಕೊಂಡಾನ ನೋಡು ಎಂದು ನಕ್ಕವರೇ ರೇಡಿಯೋ ಕೆಟ್ಟರೆ, ಟೀವಿಯಲ್ಲಿ ಇರುವೆ ಮುತ್ತಿದ ಹಾಗಾದರೆ ಅವನ ಹತ್ತಿರ ಓಡುತ್ತಿದ್ದರು. ಮೂವತ್ತರ ಆಸುಪಾಸಿನ ಗಂಡಸು, ಕೂಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಅವನು ಬಂದು ಕೂತ ದಿನವೇ ಶಾಲೆಗೆ ಒಂದು ಹಿಂಡು ಹುಡುಗಿಯರು ಸೇರಿದರು. ಅಲ್ಲಿಂದ ಗದ್ದೆಪ್ಪನಿಗೆ ಅವನ ಕೈಗುಣದ ಮೇಲೆ ಎಲ್ಲಿಲ್ಲದ ನಂಬಿಕೆ. ಸಿಂಧನೂರಿನ ಪೇಟೆಯಲ್ಲಿ ಬೋಣಿ ಯಾರ ಕೈಯಿಂದ ಆಯಿತು ಎಂಬುದರ ಮೇಲೆ ದಿನದ ನಸೀಬು ನಿಲ್ಲುತ್ತದೆ. ಕೈಗುಣ ಇಲ್ಲದವನು ಮೊದಲ ಗಿರಾಕಿಯಾಗಿ ಬಂದರೆ ಅಂಗಡಿಯವನು ಸಾಮಾನು ಇಲ್ಲವೆಂದು ಸುಳ್ಳು ಹೇಳಿಯಾದರೂ ಕಳಿಸುತ್ತಾನೆ. ಹಾಗಾಗಿ ಪ್ರತಿ ಮುಂಜಾನೆ ಊದುಬತ್ತಿ ಬೆಳಗಿ ಕಂಪ್ಯೂಟರು ಶುರು ಮಾಡುವುದು ಪರಿಮಳನೇ. ಯಂತ್ರ ಹೆಸರು ಕೇಳುತ್ತದೆ, ಅವನು ತನ್ನ ಹೆಸರು ಒತ್ತುತ್ತಾನೆ. ಆಮೇಲೆ ಸಂಜೆತನಕ ಅದರ ಮುಂದೆ ಯಾರೇ ಕೂತರೂ ಯಂತ್ರದ ಪಾಲಿಗೆ ಅವನು ಪರಿಮಳ. ಇದರಲ್ಲಿ ಕೆಡುಕಿದೆಯೆಂದು ಯಾರಿಗೂ ಹೊಳೆದಿರಲಿಲ್ಲ. ಬೇರೆಯವರ ಹೆಸರಿನಲ್ಲಿ ಕೂಡುವುದು ಗದ್ದೆಪ್ಪನಿಗೆ ರೂಢಿಯಾಗಿಬಿಟ್ಟಿತ್ತು.

ಗೋಪಣ್ಣನ ಮಿಲ್ಲಿನ ಅಕ್ಕಿ ಸಮುದ್ರದಾಚೆಯ ಒಂದು ದೇಶಕ್ಕೆ ಹೋಗತೊಡಗಿದ್ದೂ ಆ ವರ್ಷವೇ. ಆಂಧ್ರದಿಂದ ಕಾಲುವೆಯ ನೀರಿನ ಹಿಂದೆಯೇ ಬಂದು ನೆಲೆ ನಿಂತ ಗೋಪಣ್ಣ ಒಳ್ಳೆಯ ಮಾತುಗಾರ, ಇನ್ನೊಬ್ಬರ ಕೈಯಿಂದ ಕೆಂಡ ಎತ್ತಿಸುವುದರಲ್ಲಿ ನಿಸ್ಸೀಮ. ಆ ದೇಶದ ಕಂಪನಿ ತನ್ನ ಕಂಪ್ಯೂಟರಿನಲ್ಲಿ ಮಿಲ್ಲುಗಳಿಂದ ದರ ಕೇಳುತ್ತಿತ್ತು. ಒಬ್ಬನ ದರ ಇನ್ನೊಬ್ಬನಿಗೆ ಕಾಣುವಂತಿರಲಿಲ್ಲ. ಗೋಪಣ್ಣನ ದರವನ್ನು ಇಲ್ಲಿಂದ ಕಳಿಸಿಕೊಡುವುದು ಗದ್ದೆಪ್ಪನ ಕೆಲಸ. ಒಂದು ದಿನ ಪರಿಮಳ ಅವನನ್ನು ಕರೆದು ತೋರಿಸಿದ: ಕಂಪನಿಯ ಹೆಸರನ್ನೇ ಬೀಗದ ಮಾತಾಗಿ ಒತ್ತಿದರೆ ಎಲ್ಲರ ದರವೂ ಕಾಣುತ್ತದೆ. ಬಾಗಿಲು ಹಾಕ್ಕೊಂಡು ಕೀಲಿಕೈ ಅಲ್ಲೇ ಜೋತು ಬಿಟ್ಟಾರ, ನಾವು ಅವ್ರಿಗೆ ತಿಳಿಸೋಣು ಅಣ್ಣ ಎಂದು ಹೇಳಿ, ನೋಡದೆ ಮುಚ್ಚಿದ. ತಿಳಿಸೋಣ ಬಿಡು ಎಂದು ಗದ್ದೆಪ್ಪ ಹೇಳಿದ್ದೂ ನಿಜ. ಆದರೆ ಅದನ್ನು ಗೋಪಣ್ಣನ ಮುಂದೆ ಬಾಯಿಬಿಟ್ಟದ್ದು ಅದಕ್ಕಿಂತ ದೊಡ್ಡ ನಿಜ. ಹೊಟ್ಟೆಯಲ್ಲಿ ಮಾತು ನಿಲ್ಲದ ಜಾತಿ ಅವನದು. ಪರಿಮಳ ಊಟಕ್ಕೆ ಹೋದ ಒಂದು ಮಧ್ಯಾಹ್ನ ಗೋಪಣ್ಣ ಬಂದು ಬೆನ್ನ ಹಿಂದೆ ನಿಂತ. ಟವೆಲಿನಿಂದ ತನಗೂ ಗಾಳಿ ಹಾಕಿಕೊಂಡು ಇವನಿಗೂ ಹಾಕುತ್ತ, ಒಂದ ಸಲ ನೋಡಿಬಿಡ್ರಿ ಮಾಸ್ತರ, ನೋಡಿದ್ರ ಏನ್ ಸವೀತೈತಿ ಎಂದ. ಗದ್ದೆಪ್ಪ ನೋಡಿದ. ಎಲ್ಲರ ದರ ನೋಡಿದ, ಗೋಪಣ್ಣನಿಗೂ ತೋರಿಸಿದ. ಅವನು ಹೋದಮೇಲೆ ಒಳಹೊಕ್ಕ ಗುರುತು ಉಳಿಯಬಾರದೆಂದು ಏನನ್ನೋ ಅಳಿಸಲು ಹೋಗಿ ಮತ್ತೇನನ್ನೋ ಒತ್ತಿದ. ಕಣ್ಣೆದುರೇ ಎಲ್ಲ ದರಗಳೂ ಹೋಗಿ ಪರದೆ ಬರಿದಾಯಿತು. ಆ ದೇಶದ ಬಂದರಿನಲ್ಲಿ ಹಡಗು ಸುಮ್ಮನೆ ನಿಂತಿತೆಂದೂ ಕಂಪನಿಗೆ ಲುಕ್ಸಾನಾಯಿತೆಂದೂ ಅವನಿಗೆ ತಿಳಿದದ್ದು ಆಮೇಲೆ. ಆ ಮಧ್ಯಾಹ್ನ ಅವನು ಕಂಪ್ಯೂಟರಿನ ಮೇಲೆ ಬಟ್ಟೆ ಮುಚ್ಚಿ, ಕೆಳಗಿಳಿದು ಹೋಗಿ ಚಾ ಕುಡಿದಿದ್ದ.

ಮಸ್ಕಿಯಲ್ಲಿ ಬಸ್ಸು ನಿಂತಿತು. ಇದು ಗದ್ದೆಪ್ಪ ಹುಟ್ಟಿದ ಊರು. ಗುಡ್ಡ ಎಂದಿನ ಹಾಗೆ ಬಿಸಿಲಿಗೆ ಬೆನ್ನು ಕೊಟ್ಟು ಮಲಗಿತ್ತು. ಇಲ್ಲೇ ಇಳಿದುಬಿಡಲೇ ಎಂಬ ಆಸೆ ಹುಟ್ಟಿತು. ಇಳಿದು ಏನು ಮಾಡುವುದೆಂದು ಯೋಚಿಸುವಷ್ಟರಲ್ಲಿ ಬಾಗಿಲಲ್ಲಿ ಹೊನ್ನೂರಪ್ಪ ಕಂಡ. ಗದ್ದೆಪ್ಪನ ಅಪ್ಪನ ಜೊತೆ ಬಹಳ ಕಾಲ ದನದ ಸಂತೆಯಲ್ಲಿ ದಲಾಲಿ ಮಾಡಿದ ಮುದುಕ. ಏ ನಮ್ಮ ತಾಯಪ್ಪನ ಮಗನಲ್ಲೇನೋ ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿ, ಮೂಗು ಮುಚ್ಚಿಕೊಂಡಿದ್ದ ಹೆಂಗಸನ್ನು ಎಬ್ಬಿಸಿ ಪಕ್ಕದಲ್ಲಿ ಕೂತ. ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ಬಂಗಾಲಿಯವನು ಫೋನಿನ ವಯರಿನೊಳಗೆ ಕೈ ಹಾಕಿ ಪರದೇಶದ ಡಾಲರು ಎಳೆದುಕೊಂಡನಂತೆ, ಹೌದೇ ಎಂದು ಕೇಳಿದ. ಡಾಲರ್ ಅಲ್ಲ ಕಾಕಾ, ದರ ನೋಡ್ಯಾರ ಎಂದು ಗದ್ದೆಪ್ಪ ಮೆಲ್ಲಗೆ ಹೇಳಿದ. ಮುದುಕ, ಅಂದ್ರ ವಲ್ಲಿ ಎತ್ತಿ ನೋಡ್ಯಾನನ್ನು ಎಂದ. ಸಂತೆಯಲ್ಲಿ ಕೊಡುವವನು ಕೊಳ್ಳುವವನು ಹೆಗಲ ಮೇಲಿನ ವಲ್ಲಿಬಟ್ಟೆಯ ಕೆಳಗೆ ಕೈ ಹಿಡಿದು ಬೆರಳು ಒತ್ತಿ ದರ ಮಾತಾಡುತ್ತಾರೆ. ಸುತ್ತ ನೂರು ಮಂದಿ ನಿಂತಿದ್ದರೂ ದರ ಗೊತ್ತಾಗುವುದು ಆ ಎರಡು ಕೈಗಳಿಗೆ ಮಾತ್ರ. ವಲ್ಲಿ ಎತ್ತಿ ನೋಡಿದವನನ್ನು ಹೊಡೆಯುವುದಿಲ್ಲ, ಬೈಯುವುದಿಲ್ಲ. ಮುಂದೆ ಯಾವ ಸಂತೆಯಲ್ಲೂ ಅವನಿಗೆ ಯಾರೂ ಕೈ ಕೊಡುವುದಿಲ್ಲ, ಅಷ್ಟೇ. ಹೊನ್ನೂರಪ್ಪ ಹೇಳುತ್ತಿದ್ದ: ನಿಮ್ಮಪ್ಪ ತಾಯಪ್ಪ ಮಂದಿ ವಲ್ಲಿ ಹಾಸಿದ್ರ ಮುಖಾ ತಿರುವಿ ನಿಂದ್ರತಿದ್ದ, ಎಂಥಾ ಮನಷ್ಯಾ. ನೀ ಅವನ ಮಗ, ನೀನ ಸಾಕ್ಷಿಗೆ ಹೊಂಟಿದ್ದು ಚಲೋ ಆತು. ಅವ್ರೇನು ನಮ್ಮವರೇನಪಾ, ಎಲ್ಲಿಂದರ ಬಂದ ಮಂದಿ.

ಎಲ್ಲಿಂದರ ಬಂದ ಮಂದಿ. ಗದ್ದೆಪ್ಪ ಕಿಟಕಿಯ ಕಬ್ಬಿಣಕ್ಕೆ ಹಣೆ ಹಚ್ಚಿದ. ಜೈಲು ಅವನನ್ನು ಅಷ್ಟಾಗಿ ಹೆದರಿಸಿರಲಿಲ್ಲ. ಹೆದರಿಸಿದ್ದು ವಲ್ಲಿ ಎತ್ತಿ ನೋಡಿದವ ತಾಯಪ್ಪನ ಮಗ ಎಂಬ ಮಾತು ಇಂಥ ಮುದುಕರ ಬಾಯಿಂದ ಬಂದೀತೆಂಬುದು. ಆ ಹೆದರಿಕೆಯೇ ಮೊದಲ ದಿನ ಅವನ ಬಾಯಲ್ಲಿ ಕೂತು ಮಾತಾಡಿತು. ಅಂದು ಶಾಲೆಗೆ ವಿಚಾರಣೆಗೆ ಬಂದ ಪೊಲೀಸರಿಬ್ಬರೂ ಸಾದಾ ಬಟ್ಟೆಯಲ್ಲಿದ್ದರು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಿದ್ದರು. ಆ ದೇಶದಿಂದ ದಿಲ್ಲಿಗೆ, ದಿಲ್ಲಿಯಿಂದ ಇಲ್ಲಿಗೆ ತಕರಾರು ಬಂದಿದೆ, ಆ ದಿನ ಆ ಹೊತ್ತಿಗೆ ನಿಮ್ಮ ಫೋನಿನಿಂದ ಹೋಗಿದೆ, ಯಾರು ಕೂತಿದ್ದರು ಎಂದು ಕೇಳಿದರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. ತಿಳಿಯದ ವಿಷಯವನ್ನು ಬೇಗ ಮುಗಿಸಿ ಹೋಗುವ ಅವಸರ ಇತ್ತು. ಗದ್ದೆಪ್ಪ ಯಂತ್ರದ ಕಡೆ ತಿರುಗಿ, ಹೆಸರು ಪರಿಮಳಂದು ಐತ್ರಿ ಎಂದ. ಸುಳ್ಳಲ್ಲ. ದಿನಾ ಶುರು ಮಾಡಾಂವ ಅವನ್ರಿ ಎಂದ. ಅದೂ ಸುಳ್ಳಲ್ಲ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ಅವರು ಕೇಳದಿದ್ದರೂ, ಕೇಳುವ ಮನಸ್ಸಿಲ್ಲದಿದ್ದರೂ, ಅವನ ಬಾಯಿ ಮುಂದುವರಿಯಿತು: ‘ಅವ ಇಲ್ಲಿಯವ ಅಲ್ರಿ. ಕ್ಯಾಂಪಿನವ.’ ಬರೆಯುತ್ತಿದ್ದವನ ಪೆನ್ನು ನಿಂತಿತು. ಅವನು ತಲೆಯೆತ್ತಿ ಗದ್ದೆಪ್ಪನನ್ನು ನೋಡಿ, ಮತ್ತೆ ಬಗ್ಗಿ ಅದನ್ನೂ ಬರೆದುಕೊಂಡ. ಸಿಂಧನೂರಿನಲ್ಲಿ ದಿನಕ್ಕೆ ನೂರು ಸಲ ಆಡುವ ಮಾತದು. ಕ್ಯಾಂಪಿನವರ ಮೀನು, ಕ್ಯಾಂಪಿನವರ ಹಬ್ಬ, ಕ್ಯಾಂಪಿನವ, ಇಲ್ಲಿಯವ ಅಲ್ಲ. ಅದರಲ್ಲಿ ಯಾರಿಗೂ ಕೆಟ್ಟದ್ದು ಬಯಸಿದಂತಿರಲಿಲ್ಲ. ಆವತ್ತು ಸಂಜೆಯೇ ಪರಿಮಳನನ್ನು ಕರೆದುಕೊಂಡು ಹೋದರು. ಅವನು ಮೆಟ್ಟಿಲಿಳಿಯುವಾಗ ಫೋನಿನ ತಂತಿ ಸಡಿಲಾಗೈತಣ್ಣ, ನೋಡ್ಕೊ ಎಂದು ಹೇಳಿ ಹೋಗಿದ್ದ.

ಪರಿಮಳನನ್ನು ಕರೆದೊಯ್ದ ಮೇಲೆ ವಕೀಲರ ಹತ್ತಿರ ಹೋದಾಗ ಗದ್ದೆಪ್ಪ, ನನ್ನ ಗುರುತಿನವರೊಬ್ಬರು ಎಂದು ಶುರು ಮಾಡಿದ್ದ. ವಕೀಲರು ಎಲೆ ಅಡಿಕೆ ಜಗಿಯುತ್ತ ಕೇಳಿ, ಆ ಗುರುತಿನವರು ಚಾ ಕುಡೀತಾರೇನು ಎಂದು ಇವನಿಗೇ ಕಪ್ಪು ಮುಂದೆ ಸರಿಸಿದರು. ಆಮೇಲೆ ಬಿಡಿಸಿ ಹೇಳಿದರು. ಕೈ ಇಲ್ಲೈತಿ, ಕೆಟ್ಟದ್ದು ಅಲ್ಲಾಗೈತಿ. ನಿನ್ನ ಎತ್ತು ಮಂದಿ ಹೊಲ ಮೇಯ್ದರ ಕೊಂಡವಾಡದ ದೊಡ್ಡ್ಯಾಗ ಹಾಕತಾರ, ಎತ್ತಿನ ನೆಳ್ಳು ಮೇಯ್ದರ ಏನು ಮಾಡತಾರ? ನಮ್ಮ ಕಾಯ್ದೆದಾಗ ಇದಕ್ಕ ಇನ್ನೂ ಕಲಂ ಹುಟ್ಟಿಲ್ಲ. ಅವರ ದೇಶದ ಕಾಯ್ದೆ ಸಮುದ್ರ ದಾಟಿ ಬರಂಗಿಲ್ಲ. ನಿಮ್ಮ ಗುರುತಿನವರು ಇಲ್ಲಿ ಹುಟ್ಟಿದವರಾದರ ಅವರನ್ನು ಆ ದೇಶಕ್ಕೆ ಒಪ್ಪಸಂಗೂ ಇಲ್ಲ, ಆ ದೇಶಕ್ಕೂ ನಮಗೂ ಅಂಥಾ ಕರಾರು ಇಲ್ಲ. ಬೈತಾರ, ಕಳಸ್ತಾರ. ಗದ್ದೆಪ್ಪ ಉಸಿರು ಬಿಟ್ಟದ್ದನ್ನು ವಕೀಲರು ನೋಡಿದರು. ಮತ್ತೆ ಕ್ಯಾಂಪಿನವನಾದರೆ ಎಂದು ಇವನು ಕೇಳಿದ. ಕಾಗದ ಕೇಳೋತನಕ ಎಲ್ಲರೂ ಪ್ರಜೆಗಳ. ಕೇಳಿದ ಮ್ಯಾಲೆ ತಾನು ಪರದೇಶದವ ಅಲ್ಲಂತ ತಾನ ತೋರಿಸಬೇಕು, ಸರಕಾರ ತೋರಿಸಂಗಿಲ್ಲ. ಕೇಳೂ ಹಂಗ ಮಾಡಬ್ಯಾಡ್ರಿ ಎಂದರು. ಕ್ಯಾಂಪಿನ ಹೆಚ್ಚಿನವರ ಬಳಿ ಕಾಗದ ಇತ್ತು. ಪರಿಮಳನ ತಾಯಿ ಮಾತ್ರ ಮನೆಗಳೆಲ್ಲ ಹಂಚಿ ಮುಗಿದ ಮೇಲೆ, ಇವನನ್ನು ಕಂಕುಳಲ್ಲಿಟ್ಟುಕೊಂಡು ತಮ್ಮನ ಮನೆ ಹುಡುಕುತ್ತ ಬಂದವಳು. ತಮ್ಮನ ಕಾರ್ಡಿನಲ್ಲಿ ಅವರಿಬ್ಬರ ಹೆಸರು ಏರಲೇ ಇಲ್ಲ. ಏರಿಸಬೇಕೆಂದು ಯಾರಿಗೂ ಅವಸರವಿರಲಿಲ್ಲ, ಭತ್ತ ಕೊಯ್ಯುವ ಕೈಗೆ ಕಾರ್ಡು ಯಾರು ಕೇಳುತ್ತಾರೆ. ಇದು ಗದ್ದೆಪ್ಪನಿಗೆ ಗೊತ್ತಿತ್ತು, ಪರಿಮಳನೇ ಯಾವಾಗಲೋ ನಗುತ್ತ ಹೇಳಿದ್ದ. ವಕೀಲರ ಮನೆಯಿಂದ ನೆಟ್ಟಗೆ ಠಾಣೆಗೆ ಹೋಗಬೇಕಿತ್ತು. ನಾಲ್ಕು ದಿನ ತಡೀರಿ ಮಾಸ್ತರ, ತಾನ ತಣ್ಣಗಾಗತೈತಿ ಎಂದು ಗೋಪಣ್ಣ ಹೇಳಿದ. ಗದ್ದೆಪ್ಪ ಆ ಮಾತಿಗೆ ಕಾದವನಂತೆ ತಡೆದ.

ಲಿಂಗಸುಗೂರಿನಲ್ಲಿ ಇಳಿಯುವಾಗ ಹೊನ್ನೂರಪ್ಪ ಬೆನ್ನು ತಟ್ಟಿ, ಹೆದರದ ಹೇಳು ಎಂದ. ಪೊಲೀಸ್ ಕಚೇರಿಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಸಾಕ್ಷಿಗಳೋ ಕಳ್ಳರೋ ತಿಳಿಯದ ಹಾಗೆ ಮಂದಿ ಕೂತಿದ್ದರು. ಗದ್ದೆಪ್ಪ ಅವರ ನಡುವೆ ಜಾಗ ಹುಡುಕುವಷ್ಟರಲ್ಲಿ ಪೇದೆಯೊಬ್ಬ ಅವನ ಅಂಗಿ ನೋಡಿಯೋ ಏನೋ, ಮಾಸ್ತರ್ರೇನ್ರಿ, ಒಳಗ ಬರ್ರಿ ಎಂದು ಕರೆದು ವರಾಂಡದಲ್ಲಿ ಕುರ್ಚಿ ಹಾಕಿಕೊಟ್ಟ. ಅದೇ ವರಾಂಡದ ಇನ್ನೊಂದು ತುದಿಗೆ, ಗೋಡೆಗೆ ಬೆನ್ನು ಹಚ್ಚಿ, ನೆಲದ ಮೇಲೆ ಪರಿಮಳ ಕೂತಿದ್ದ. ಗಡ್ಡ ಬೆಳೆದಿತ್ತು. ಯಾರೂ ಅವನನ್ನು ಹೊಡೆದ ಹಾಗೆ ಕಾಣಲಿಲ್ಲ, ಅದನ್ನು ನೋಡಿ ಗದ್ದೆಪ್ಪನಿಗೆ ಸಮಾಧಾನವಾಯಿತು, ಸಮಾಧಾನವಾದದ್ದಕ್ಕೆ ತನ್ನ ಮೇಲೇ ಹೇಸಿಗೆಯೂ ಆಯಿತು. ಪರಿಮಳ ತಲೆಯಾಡಿಸಿದ, ಶಾಲೆಯಲ್ಲಿ ಮುಂಜಾನೆ ಬಂದಾಗ ಆಡಿಸುತ್ತಿದ್ದಂತೆಯೇ. ಇಷ್ಟು ದಿನ ಕೇಳಿದರೂ ಅವನು ಗದ್ದೆಪ್ಪನ ಹೆಸರೆತ್ತಿರಲಿಲ್ಲ. ಇದು ಋಣದ ಮಾತೋ, ಹೇಳಿದರೆ ತನ್ನ ಮಾತು ಯಾರು ನಂಬುತ್ತಾರೆಂಬ ಲೆಕ್ಕವೋ ಗದ್ದೆಪ್ಪನಿಗೆ ತಿಳಿಯದು. ಋಣವೆಂದುಕೊಂಡರೆ ತಡೆಯಲಾಗುತ್ತಿರಲಿಲ್ಲ. ಹಾಗಾಗಿ ಲೆಕ್ಕವೇ ಇರಬೇಕೆಂದುಕೊಂಡ. ಕುರ್ಚಿಯಿಂದ ಎದ್ದು ಹೋಗಿ ಅವನ ಪಕ್ಕ ನೆಲದ ಮೇಲೆ ಕೂತರೆ ಹೇಗೆ ಎನ್ನಿಸಿತು. ಅಂಗಿ ಮಾಸುತ್ತದೆ ಎಂಬ ವಿಚಾರ ಅದರ ಬೆನ್ನಿಗೇ ಬಂತು. ಇಂಥ ಹೊತ್ತಿನಲ್ಲಿ ಇಂಥದೂ ಹೊಳೆಯುತ್ತದಲ್ಲ ಎಂದು ಅವನು ಕುರ್ಚಿಯ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತ.

ಸಾಹೇಬರು ವಯಸ್ಸಾದವರು, ನಿವೃತ್ತಿಗೆ ಹತ್ತಿರವಾದವರ ಸಾವಧಾನ ಅವರಲ್ಲಿತ್ತು. ಊರು ಯಾವುದು, ಯಾರ ಮಗ ಎಂದು ಕೇಳಿ, ಮಸ್ಕಿ ಎಂದಾಗ ತಮ್ಮ ಅಕ್ಕನನ್ನು ಅಲ್ಲಿಗೇ ಕೊಟ್ಟದ್ದೆಂದು ಸಂತೋಷಪಟ್ಟರು. ಮಾತು ಅತ್ತ ಸರಿದುಹೋಗುತ್ತದೆಂದು ಗದ್ದೆಪ್ಪನಿಗೆ ದಿಗಿಲಾಯಿತು. ಇದೇ ಕೊನೆಯ ಸಮಯ. ‘ಸಾಹೇಬ್ರ, ಅವತ್ತು ಕುಂತಾಂವ ನಾನ್ರಿ. ಪರಿಮಳ ಊಟಕ್ಕ ಹೋಗಿದ್ದ. ದರ ನೋಡಿದಾಂವ ನಾನ, ಅಳಸಿದಾಂವ ನಾನ.’ ಹೇಳಿಬಿಟ್ಟ. ಕೆಮ್ಮು ಬರಲಿಲ್ಲ. ಎದೆಯ ಮೇಲಿನ ಕಲ್ಲು ಸರಿದಂತಾಗಿ ಕಣ್ಣಲ್ಲಿ ನೀರು ಬಂತು. ಗೋಪಣ್ಣ ಹಿಂದೆ ನಿಂತಿದ್ದನ್ನೂ ಹೇಳಿದ, ವಲ್ಲಿ ಎತ್ತಿ ನೋಡಿದ ಹಾಗೆಯೇ ಆಯಿತೆಂದು ಹೇಳಿದ. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಿಟ್ಟಾಗಲಿಲ್ಲ, ಅಚ್ಚರಿಯನ್ನೂ ತೋರಿಸಲಿಲ್ಲ. ಒಂದು ನೀರಿನ ಲೋಟ ಅವನ ಕಡೆ ಸರಿಸಿ, ಆ ಮಾತು ಮುಗದದ್ರಿ ಮಾಸ್ತರ ಎಂದರು. ಆ ದೇಶದವರು ಕೇಳಿದ್ದು ಒಂದೇ, ಮಾಡಿದವನು ನಿಮ್ಮ ಪ್ರಜೆಯೋ ಅಲ್ಲವೋ ಎಂದು. ಕಂಪ್ಯೂಟರಿನ ಕೇಸು ಇಲ್ಲಿ ನಿಲ್ಲುವಂಥದ್ದಲ್ಲ, ಅದರ ಫೈಲು ಆಗಲೇ ಮುಚ್ಚಿ ಮೇಲೆ ಕಳಿಸಿದ್ದಾಯಿತು. ಪ್ರಜೆ ಹೌದೋ ಅಲ್ಲವೋ ಎಂದು ನೋಡಲು ಹೋದಾಗ ಪರಿಮಳನ ಹತ್ತಿರ ಒಂದು ಕಾಗದವೂ ಸಿಗಲಿಲ್ಲ. ಈಗ ಅವನ ಮೇಲಿರುವುದು ಪರದೇಶದವರನ್ನು ಹೊರಗೆ ಕಳಿಸುವ ನಮ್ಮದೇ ಕಾಯ್ದೆಯ ಕೇಸು, ಇವನನ್ನು ಸಾಕ್ಷಿಗೆ ಕರೆಸಿದ್ದೂ ಅದಕ್ಕೇ. ಅದಕ್ಕೆ ಕಂಪ್ಯೂಟರು ಬೇಕಿಲ್ಲ, ದರ ಬೇಕಿಲ್ಲ, ನೋಡಿದವರು ಯಾರೆಂಬುದೂ ಬೇಕಿಲ್ಲ.

ಗದ್ದೆಪ್ಪ ಅರ್ಥವಾಗದವನಂತೆ ಅವರನ್ನೇ ನೋಡಿದ. ಮತ್ತ ನನಗ ಎಂದು ಕೇಳಿದ. ನಿಮಗೇನ್ರಿ, ನೀವು ಮಸ್ಕಿಯವರು ಎಂದರು ಸಾಹೇಬರು. ಇನ್ನೊಮ್ಮೆ ಅಂಥಾ ಕೆಲಸ ಮಾಡಬ್ಯಾಡ್ರಿ ಎಂದೂ ಹೇಳಿದರು, ಹಿರಿಯರು ಹೇಳುವ ಹಾಗೆ. ಶಿಕ್ಷೆ ಬೇಡಲು ಬಂದವನಿಗೆ ಬಾಗಿಲೇ ಸಿಗದ ಹಾಗಾಯಿತು. ಅವನು ಮೇಜಿನ ಅಂಚು ಹಿಡಿದುಕೊಂಡು ಇನ್ನೊಂದು ಮಾತು ಕೇಳಿದ. ಕೇಳಬಾರದಿತ್ತು ಎಂದು ಕೇಳುವಾಗಲೇ ತಿಳಿದಿತ್ತು.

‘ಮೊದಲ ದಿನಾನ ನಾ ಹೇಳಿದ್ರ ಏನ್ ಆಗ್ತಿತ್ರಿ?’

‘ಆವಾಗ ಅವನ ಕಾಗದ ಯಾರ್ ಕೇಳ್ತಿದ್ರು?’ ಎಂದರು ಸಾಹೇಬರು. ನೋಯಿಸಬೇಕೆಂದು ಹೇಳಿದ್ದಲ್ಲ. ಗೋಡೆಯ ಗಡಿಯಾರ ನೋಡಿ, ಊಟದ ಹೊತ್ತಾಯಿತೆಂದು ಪೇದೆಗೆ ಸನ್ನೆ ಮಾಡಿದರು.

ವರಾಂಡದಲ್ಲಿ ಪರಿಮಳನನ್ನು ಎಬ್ಬಿಸಿ ನಿಲ್ಲಿಸಿದ್ದರು. ಒಳಗಿನ ಮಾತು ಹೊರಗೆ ಕೇಳುವಷ್ಟು ಬಾಗಿಲು ತೆರೆದೇ ಇತ್ತು. ಗದ್ದೆಪ್ಪ ಅವನ ಎದುರು ನಿಂತು, ಹೇಳೀನಿ ಪರಿಮಳ, ಎಲ್ಲಾ ಹೇಳೀನಿ ಎಂದ. ಪರಿಮಳ ಹೂಂ ಎಂದ. ಉಗಿದಿದ್ದರೆ ಗದ್ದೆಪ್ಪ ಒರೆಸಿಕೊಳ್ಳದೆ ಮನೆಗೆ ಹೋಗುತ್ತಿದ್ದ. ಅವನು ಉಗಿಯಲಿಲ್ಲ, ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

‘ಅಣ್ಣ, ನಾ ಕೇಳಿದ್ರ ಹೇಳವಲ್ರು. ನನಗ ಯಾವೂರಿಗೆ ಕಳಸ್ತಾರಂತ ನೀ ಕೇಳು.’

ಗದ್ದೆಪ್ಪ ಒಳಗೆ ಹೋಗಿ ಕೇಳಿ ಬಂದ. ಹುಟ್ಟಿದ ಊರಿಗೆ ಅಂತಪಾ ಎಂದ.

‘ಅದು ಯಾವುದಂತ ಕೇಳು. ಅವ್ವಗ ಗೊತ್ತಿತ್ತು. ಅಕಿ ಹೋದ ವರ್ಷ ಸತ್ಲು.’

ಅವನ ಮುಖದಲ್ಲಿ ಆಗ ಮೊದಲ ಸಲ ಹೆದರಿಕೆ ಕಂಡಿತು. ಗದ್ದೆಪ್ಪ ಮತ್ತೆ ಒಳಗೆ ಹೋದ. ಸಾಹೇಬರು ಮೇಜಿನ ಮೇಲೆ ಕಾಗದ ಹಾಸಿ ಮನೆಯ ಬುತ್ತಿ ಬಿಚ್ಚಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ. ಇವನನ್ನು ಕಂಡೊಡನೆ ಅವರು ಒಂದು ರೊಟ್ಟಿ ಬೇರೆ ತೆಗೆದು, ಅದರ ಮೇಲೆ ಪಲ್ಯ ಹಾಕಿ, ಎದುರಿನ ಕುರ್ಚಿಯ ಮುಂದೆ ಇಟ್ಟರು. ‘ಬರ್ರಿ ಮಾಸ್ತರ, ಎರಡು ತುತ್ತು ಉಣ್ರಿ. ಊಟದ ಹೊತ್ತಿನಾಗ ಬಂದವರು ಹಂಗ ಹೋಗಬಾರದು.’ ಕೇಳಬೇಕಾದ ಮಾತು ಗದ್ದೆಪ್ಪನ ಬಾಯಲ್ಲೇ ಇತ್ತು. ಹಿಂದೆ ಬಾಗಿಲು ತೆರೆದಿತ್ತು, ಪರಿಮಳ ನೋಡುತ್ತಿದ್ದ. ಗದ್ದೆಪ್ಪ ಅದನ್ನು ಕೇಳದೆಯೇ ಕುರ್ಚಿ ಎಳೆದುಕೊಂಡು ಕೂತ.